ಕ್ಲಾಸಿನಲ್ಲೂ ಸೊಸೆತನ

ವಸೀಲಾ ಇನ್ನೊಬ್ಬರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳೆಂದರೆ ಅವಳ ಕೋಟಿನ ಜೇಬಿನಲ್ಲಿ ಒಂದು ಹಿಡಿ ಹುರಿಗಡಲೆ ಇದ್ದೇ ಇರುತ್ತಿತ್ತು. ಮಕ್ಕಳಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರೆ ಒಂದು ಕಾಳು ವಸೀಲಾಳ ಬಾಯಿಗೆ ಹೋಗುತ್ತಿತ್ತು. ಹೇಳಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಟೀಚರು ಮಾತಾಡಿದರೆ ಮಾತ್ರ ಕಾಳಿಲ್ಲ. ಗಂಟೆ ಹೊಡೆದ ಮೇಲೆ ಹೊಸ ಟೀಚರು ಹೆದರಿಕೊಂಡು ಬಂದು, "ಹೇಗಿತ್ತು ಮದಾಮ್?" ಎಂದು ಕೇಳಿದರೆ ಅವಳು ಜೇಬಿಗೆ ಕೈಹಾಕಿ ಉಳಿದ ಕಾಳುಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದಳು. ರಾಶಿ ಸಣ್ಣದಿದ್ದರೆ ಪಾಠ ಚೆನ್ನಾಗಿತ್ತು ಎಂದರ್ಥ.

ಒಲ್ಫಾಳ ಕ್ಲಾಸಿನಿಂದ ಅವಳು ಹಸಿದುಕೊಂಡೇ ಎದ್ದು ಬಂದಳು.

ನಾಬುಲ್ ಊರಿನ ಆ ಪ್ರೌಢಶಾಲೆಯಲ್ಲಿ ವಸೀಲಾ ಇಂಗ್ಲಿಷ್ ಕಲಿಸಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಹೊಸ ಟೀಚರುಗಳು ವಿಶ್ವವಿದ್ಯಾಲಯದಿಂದ ದಪ್ಪ ದಪ್ಪ ಪ್ರಮಾಣಪತ್ರ ಹಿಡಿದು ಬರುತ್ತಿದ್ದರು. ಭಾಷೆಯ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಇರುತ್ತಿರಲಿಲ್ಲ. ಮೂವತ್ತೈದು ಮಕ್ಕಳ ಮುಂದೆ ನಿಂತಾಗ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಎನ್ನುವುದು ಮಾತ್ರ ಗೊತ್ತಿರುತ್ತಿರಲಿಲ್ಲ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ತಪ್ಪು ಬರೆದುಕೊಂಡು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಗಂಟಲು ಉಳಿಸಿಕೊಳ್ಳುವುದು ಹೇಗೆ, ಚಿತ್ರ ಬರೆಯಲು ಬಾರದಿದ್ದರೂ ಬರೆಯುವುದು ಹೇಗೆ, ಅಳು ಬಂದರೆ ಸ್ಟಾಫ್ ರೂಮಿನಲ್ಲಿ ಅಳದೆ ಭೂಪಟಗಳ ಕೋಣೆಗೆ ಹೋಗುವುದು ಹೇಗೆ, ಇವನ್ನೆಲ್ಲ ಹೇಳಿಕೊಡುತ್ತಿದ್ದವಳು ವಸೀಲಾ.

ಒಲ್ಫಾಗೆ ಇಪ್ಪತ್ತಾರು ವರ್ಷ, ಮದುವೆಯಾಗಿ ಎರಡು ವರ್ಷ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹಿಂದಿನ ವರ್ಷ ಬಂದಿದ್ದ ಇನ್‌ಸ್ಪೆಕ್ಟರ್ ಅಬ್ದುಲ್ ವಾಹಿದ್, ಎಲ್ಲರ ಬಾಯಲ್ಲಿ 'ಸೀ', ಅಂದರೆ ಸಾಹೇಬರು, ಗಡಿಯಾರ ಮುಂದಿಟ್ಟುಕೊಂಡು ವರದಿ ಬರೆದಿದ್ದರು: 'ಶಿಕ್ಷಕಿ ನಲವತ್ತೆಂಟು ನಿಮಿಷ ಮಾತನಾಡಿದರು, ವಿದ್ಯಾರ್ಥಿಗಳು ನಾಲ್ಕು ನಿಮಿಷ. ಖಾಯಂ ಮಾಡಲು ಯೋಗ್ಯರಲ್ಲ. ಇನ್ನೊಂದು ಅವಕಾಶ ಕೊಡಬಹುದು.' ಆ ಇನ್ನೊಂದು ಅವಕಾಶ ಬರುವ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗಿತ್ತು. ಅದೂ ಹೋದರೆ ಕೆಲಸವೇ ಹೋದಂತೆ. "ಹೋದ್ರೆ ಹೋಗ್ಲಿ ಬಿಡು, ಮನೇಲಿ ಆರಾಮಾಗಿ ಇರು," ಎಂದಿದ್ದ ಗಂಡ ನಿಜಾರ್. ಆ 'ಆರಾಮ' ಎಂಥದ್ದೆಂದು ಒಲ್ಫಾಗೆ ಗೊತ್ತಿತ್ತು.

"ನೀನು ಪ್ರಶ್ನೆ ಕೇಳ್ತೀಯ," ಎಂದಳು ವಸೀಲಾ, ಮೇಜಿನ ಮೇಲೆ ಗುಡ್ಡೆ ಬಿದ್ದ ಕಡಲೆಯನ್ನು ಬೆರಳಿನಿಂದ ಸರಿಸುತ್ತ. "ಉತ್ತರಾನೂ ನೀನೇ ಹೇಳ್ತೀಯ. ಆಮೇಲೆ 'ಶಭಾಷ್' ಅಂತ ಯಾರಿಗೆ ಹೇಳ್ತೀಯ, ನಿಂಗೇನಾ?"

"ಮಕ್ಕಳು ಸುಮ್ಮನೆ ಕೂತ್ರೆ ನಂಗೆ ತಡ್ಕೊಳಕ್ಕೆ ಆಗಲ್ಲ ಮದಾಮ್. ಏನೋ ತಪ್ಪು ಮಾಡಿದೆ ಅನ್ಸುತ್ತೆ."

"ಒಬ್ಬನ ಪೆನ್ನು ಬಿತ್ತು. ಅವನು ಬಗ್ಗೋಕೆ ಮುಂಚೆ ನೀನು ಬಗ್ಗಿದೆ. ಬೋರ್ಡು ನೀನೇ ಒರೆಸಿದೆ. ಕಿಟಕಿ ನೀನೇ ಹಾಕಿದೆ. ಅಲ್ಲಿ ಮೂವತ್ತೈದು ಜೊತೆ ಕೈ ಇದ್ವಲ್ಲೇ!" ವಸೀಲಾ ಕನ್ನಡಕ ತೆಗೆದಳು. "ನೀನು ಟೀಚರಾಗಿಲ್ಲ ಕಣಮ್ಮ. ಕ್ಲಾಸಿನಲ್ಲೂ ಸೊಸೆತನ ಮಾಡ್ತಿದ್ದೀಯ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯ?"

"ಐದಕ್ಕೆ."

"ಗಂಡ?"

"ಏಳೂವರೆಗೆ. ಕಾಫಿ ರೆಡಿಯಾದ್ಮೇಲೆ."

ವಸೀಲಾ ಕಡಲೆಯನ್ನು ಮತ್ತೆ ಜೇಬಿಗೆ ತುಂಬಿಕೊಂಡಳು. ಪಾಠದ ಟಿಪ್ಪಣಿ ತಿದ್ದಿ ಪ್ರಯೋಜನವಿಲ್ಲ, ರೋಗ ಇರುವುದು ಮನೆಯಲ್ಲಿ ಎಂದು ಅವಳಿಗೆ ಹೊಳೆದಿತ್ತು. "ಭಾನುವಾರ ಏನು ಮಾಡ್ತಿದ್ದೀಯ?" ಎಂದಳು.

"ಅತ್ತೆ ಹೂವಿನ ನೀರು ಇಳಿಸ್ತಾರೆ. ನಾನು ಅಲ್ಲಾಡೋ ಹಾಗಿಲ್ಲ."

"ಅಲ್ಲಾಡೋ ಹಾಗಿಲ್ವಾ? ಹಾಗಾದ್ರೆ ಒಳ್ಳೇದೇ ಆಯ್ತು. ನಾನೂ ಬರ್ತೀನಿ."

ಏಪ್ರಿಲ್ ತಿಂಗಳಲ್ಲಿ ನಾಬುಲ್‌ನಲ್ಲಿ ಕಿತ್ತಳೆ ಹೂವಿನ ನೀರು ಇಳಿಸದ ಮನೆಯಿಲ್ಲ. ಒಲೆಯ ಮೇಲೆ ತಾಮ್ರದ ಹಂಡೆ, ಹಂಡೆಯೊಳಗೆ ನೀರು ಮತ್ತು ಹೂವು, ಬಾಯಿಗೆ ಗೋಪುರದಂಥ ಮುಚ್ಚಳ, ಮುಚ್ಚಳದಿಂದ ಇಳಿಜಾರಾಗಿ ಹೊರಟ ಕೊಳವೆ, ಅದರ ತುದಿಗೆ ಹುಲ್ಲು ಹೆಣೆದ ಸೀಸೆ. ಆವಿ ತಣಿಸಲು ಗೋಪುರದ ತಲೆಯ ಮೇಲೆ ತುಂಬಿಟ್ಟ ನೀರು ಬಿಸಿಯಾದಂತೆಲ್ಲ ತೆಗೆದು ತಣ್ಣೀರು ಹಾಕುತ್ತಿರಬೇಕು. ಹನಿ ಹನಿಯಾಗಿ ಸೀಸೆ ತುಂಬಲು ಅರ್ಧ ದಿನ ಬೇಕು. ಬೆಂಕಿ ಜೋರಾದರೆ ನೀರಿಗೆ ಕಮಟು ವಾಸನೆ ಹತ್ತುತ್ತದೆ. ಇಡೀ ವರ್ಷ ಮನೆಯವರೆಲ್ಲ ಕಾಫಿಗೆ ಎರಡು ಹನಿ ಬಿಟ್ಟುಕೊಂಡು "ಆಹಾ" ಎನ್ನುತ್ತಾರೆ. ಕಾಯುತ್ತ ಕೂರುವವಳು ಹೆಂಗಸು.

ಒಲ್ಫಾಳ ಅತ್ತೆ ಮನ್ನೂಬಿಯಾ, ಊರಿಗೆಲ್ಲ 'ಲಲ್ಲಾ' ಎನ್ನಿಸಿಕೊಂಡ ಹಿರಿಯಳು, ಅಂಗಳದಲ್ಲಿ ಬಿಳಿ ದುಪ್ಪಟಿ ಹಾಸಿ ಹೂವಿನ ರಾಶಿಯಿಂದ ಎಲೆ, ಕಡ್ಡಿ ಆರಿಸುತ್ತಿದ್ದಳು. ಅರವತ್ತೆಂಟರ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ.

"ಬನ್ನಿ ಮದಾಮ್ ವಸೀಲಾ, ಬನ್ನಿ. ನಿಮ್ಮನೆ ಹೂವು ಏನಾಯ್ತು?"

"ಅದನ್ನ ತೀಜಾನಿಗೆ ಒಪ್ಪಿಸಿ ಬಂದೆ." ತೀಜಾನಿ ಅವಳ ಗಂಡ, ಅಂಚೆ ಕಚೇರಿಯಿಂದ ನಿವೃತ್ತನಾದವನು.

"ಅಯ್ಯೋ ದೇವರೇ! ಗಂಡಸಿನ ಕೈಗೆ ಹೂವು ಕೊಟ್ರಾ?" ಮನ್ನೂಬಿಯಾ ಎದೆ ಮುಟ್ಟಿಕೊಂಡಳು. "ಈ ವರ್ಷ ನಮ್ಮನೆಯಿಂದ ಒಂದು ಸೀಸೆ ತಗೊಂಡ್ಹೋಗಿ."

ವಸೀಲಾ ಒಲ್ಫಾಳನ್ನು ಹಂಡೆಯ ಪಕ್ಕ ಮಣೆಯ ಮೇಲೆ ಕೂರಿಸಿದಳು. "ಇವತ್ತಿನ ಪಾಠ ಇಷ್ಟೇ. ಯಾರು ಏನು ಕೇಳಿದ್ರೂ ಬಾಯಿ ಬಿಡಬಾರದು, ಎದ್ದೇಳಬಾರದು. ಮನಸ್ಸಲ್ಲೇ ಹತ್ತು ಎಣಿಸು. ಹತ್ತಾದ್ಮೇಲೂ ಅವರಿಗೆ ಬೇಕಾಗಿದ್ರೆ ಆಗ ನೋಡೋಣ."

"ಬೆಂಕಿ ಹತ್ಕೊಂಡ್ರೆ?" ಎಂದಳು ಅತ್ತೆ.

"ಅದಕ್ಕೆ ಐದು."

ಐದು ನಿಮಿಷವೂ ಆಗಿರಲಿಲ್ಲ. ಒಳಗಿನಿಂದ ನಿಜಾರ್‌ನ ದನಿ ಬಂತು. "ಒಲ್ಫಾ, ನನ್ನ ಬೂದು ಕಾಲುಚೀಲ ಎಲ್ಲಿ?"

ಒಲ್ಫಾಳ ಮೊಣಕಾಲು ತಾನಾಗಿ ಎದ್ದಿತು. ವಸೀಲಾ ಅವಳ ಲಂಗದ ಚುಂಗು ಹಿಡಿದು ಕೆಳಗೆಳೆದಳು. ಒಂದು, ಎರಡು, ಮೂರು. ಒಳಗೆ ಕಪಾಟಿನ ಬಾಗಿಲು ತೆರೆದ ಸದ್ದು. ನಾಲ್ಕು, ಐದು. ಏನೋ ಬಿದ್ದ ಸದ್ದು. ಒಲ್ಫಾ ತುಟಿ ಕಚ್ಚಿಕೊಂಡಳು. ಏಳು.

"ಆಂ, ಸಿಕ್ತು ಬಿಡು," ಎಂದ ನಿಜಾರ್.

ಮನ್ನೂಬಿಯಾ ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ಕೂತಿದ್ದಳು. ಮಗ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಕಾಲುಚೀಲವನ್ನು ತಾನೇ ಹುಡುಕಿಕೊಂಡಿದ್ದ. ಇದು ಮನೆಗೆ ಅವಮಾನವೋ ಹಬ್ಬವೋ ಅವಳಿಗೆ ತಕ್ಷಣ ತೀರ್ಮಾನಿಸಲಾಗಲಿಲ್ಲ. ಹೂವನ್ನು ರಾಶಿಗೆ ಹಾಕಿ ಮೆಲ್ಲಗೆ, "ಈ ಲೆಕ್ಕ ನಂಗೆ ನಲವತ್ತು ವರ್ಷದ ಹಿಂದೆ ಯಾಕೆ ಯಾರೂ ಹೇಳ್ಲಿಲ್ಲ?" ಎಂದಳು.

ಆಗ ವಸೀಲಾಳ ಫೋನು ಹೊಡೆದುಕೊಂಡಿತು. ಅತ್ತ ಅಂಗಳಕ್ಕೆಲ್ಲ ಕೇಳುವ ದನಿಯಲ್ಲಿ ತೀಜಾನಿ. "ವಸೀಲಾ, ಮೇಲಿನ ನೀರು ಬಿಸಿ..."

"ಲೋಟದಲ್ಲಿ ಮೊಗೆದು ತೆಗೀರಿ, ನೀಲಿ ಬಕೆಟ್‌ನಲ್ಲಿ ತಣ್ಣೀರಿದೆ, ಅದನ್ನ ಹಾಕಿ, ಬಕೆಟ್ ಬಚ್ಚಲ ಬಾಗಿಲ ಹಿಂದೆ ಇದೆ, ಲೋಟ ಅದರಲ್ಲೇ..."

ಅವಳು ತಲೆಯೆತ್ತಿದಾಗ ಅತ್ತೆ ಸೊಸೆ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಮನ್ನೂಬಿಯಾಳ ಹೊಟ್ಟೆ ಕುಲುಕುತ್ತಿತ್ತು. "ಪಾಪ, ಅವರು ಪ್ರಶ್ನೆ ಕೇಳಿ ಮುಗಿಸಿರ್ಲಿಲ್ಲ ಮದಾಮ್."

ಇಪ್ಪತ್ತೆಂಟು ವರ್ಷದಲ್ಲಿ ವಸೀಲಾಳ ಕಿವಿ ಅಷ್ಟು ಕೆಂಪಾದದ್ದಿಲ್ಲ. ಇನ್ನೊಬ್ಬರ ಕ್ಲಾಸಿನಲ್ಲಿ ಕಡಲೆ ಎಣಿಸುವ ತಾನು ಸ್ವಂತ ಮನೆಯಲ್ಲಿ ಕೂತಿದ್ದರೆ ಒಂದು ಕಾಳೂ ಸಿಗುತ್ತಿರಲಿಲ್ಲವಲ್ಲ ಎಂದುಕೊಂಡಳು. ಅರ್ಧ ಗಂಟೆಯ ನಂತರ ಫೋನು ಮತ್ತೆ ಬಂತು. "ವಸೀಲಾ, ಸೀಸೆ ತುಂಬ್ತಾ ಬಂತು." ಅವಳು ಸುಮ್ಮನಿದ್ದಳು. ಮನ್ನೂಬಿಯಾ ಬೆರಳು ಮಡಚುತ್ತ ಎಣಿಸಿದಳು. ಎಂಟನೆಯ ಬೆರಳಿಗೆ ತೀಜಾನಿ, "ಇನ್ನೊಂದು ಇಡ್ಲಾ? ಇಡ್ತೀನಿ," ಎಂದು ತಾನೇ ಫೋನಿಟ್ಟ. ಅತ್ತೆ, ಸೊಸೆ, ಟೀಚರು ಮೂವರೂ ದುಪ್ಪಟಿಯ ಮೇಲೆ ಉರುಳಿ ನಕ್ಕರು. ಒಂದಷ್ಟು ಹೂವು ಹಾಳಾಯಿತು.

ಸಂಜೆಯ ಹೊತ್ತಿಗೆ ಎರಡು ಸೀಸೆ ತುಂಬಿತ್ತು. ಒಲ್ಫಾ ಎದ್ದದ್ದು ಎರಡೇ ಸಲ.

ಮಂಗಳವಾರ ಹತ್ತು ಗಂಟೆಗೆ ಸೀ ಅಬ್ದುಲ್ ವಾಹಿದ್ ಬಂದರು. ಹಿಂದಿನ ಬೆಂಚಿನಲ್ಲಿ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ವಸೀಲಾ. ಒಲ್ಫಾ ಬೋರ್ಡಿಗೆ ಒಂದು ಚಿತ್ರ ಅಂಟಿಸಿದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳೇ ಬರೆದದ್ದು. ರೈಲು ನಿಲ್ದಾಣದಲ್ಲಿ ಒಬ್ಬ ಹೆಂಗಸು, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕುಸ್‌ಕುಸ್ ಎಂಬ ರವೆಯ ಅಡುಗೆ ಬೇಯಿಸುವ ಪಾತ್ರೆಯ ಮುಚ್ಚಳ. ಪಾತ್ರೆಯಿಲ್ಲ, ಮುಚ್ಚಳ ಮಾತ್ರ.

"ಇವಳು ಎಲ್ಲಿಗೆ ಹೋಗ್ತಿದ್ದಾಳೆ? ಮುಚ್ಚಳ ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿ ಒಲ್ಫಾ ಬಾಯಿ ಮುಚ್ಚಿದಳು.

ಕ್ಲಾಸು ಗಪ್‌ಚಿಪ್. ಒಂದು, ಎರಡು. ಮಕ್ಕಳು ಅವಳ ಮುಖ ನೋಡಿದರು. ದಿನವೂ ಈ ಹೊತ್ತಿಗೆ ಉತ್ತರ ಅಲ್ಲಿಂದಲೇ ಬರುತ್ತಿತ್ತು. ಇವತ್ತು ಬರಲಿಲ್ಲ. ನಾಲ್ಕು. ಒಲ್ಫಾಳ ಕುತ್ತಿಗೆಯ ನರ ಉಬ್ಬಿತು. ವಸೀಲಾ ಜೇಬಿನೊಳಗೆ ಒಂದು ಕಾಳನ್ನು ಪುಡಿಯಾಗುವಷ್ಟು ಹಿಚುಕಿದಳು. ಐದು. ಸೀ ಅಬ್ದುಲ್ ವಾಹಿದ್ ಕೂತಲ್ಲೇ ಮಿಸುಕಾಡಿದರು. ಗಂಟಲು ಸರಿಮಾಡಿಕೊಂಡರು. ಇವರೂ ಇಪ್ಪತ್ತು ವರ್ಷ ಪಾಠ ಹೇಳಿದವರೇ. ಆರನೆಯ ಎಣಿಕೆಗೆ ಅವರಿಗೆ ತಡೆಯಲಾಗಲಿಲ್ಲ.

"ಮಗಳ ಮನೆಗೆ ಹೋಗ್ತಿದ್ದಾಳೆ," ಎಂದುಬಿಟ್ಟರು ಒಳ್ಳೆ ಇಂಗ್ಲಿಷಿನಲ್ಲಿ, "ಅಡುಗೆಗೆ ನೆರವಾಗಲು."

ಮೂವತ್ತೈದು ತಲೆಗಳು ಹಿಂದಕ್ಕೆ ತಿರುಗಿದವು. ಇನ್‌ಸ್ಪೆಕ್ಟರು ಪೆನ್ನನ್ನು ನೋಡಿಕೊಂಡರು. ಒಲ್ಫಾ ಆಗಲೂ ಬಾಯಿ ಬಿಡಲಿಲ್ಲ. ಎರಡನೆಯ ಸಾಲಿನಿಂದ ರನೀಮ್ ಎಂಬ ಹುಡುಗಿ ಎದ್ದಳು. ವರ್ಷವಿಡೀ ಕಿಟಕಿಯಾಚೆ ನೋಡುತ್ತ ಕೂತಿದ್ದವಳು.

"ಇಲ್ಲ ಸರ್," ಎಂದಳು ಮುರುಕು ಇಂಗ್ಲಿಷಿನಲ್ಲಿ. "ಅವಳಿಗೆ ಕೋಪ. ಅದಕ್ಕೆ ಮುಚ್ಚಳ ತಗೊಂಡು ಹೊರಟಿದ್ದಾಳೆ. ಮನೆಯವರು ಊಟಕ್ಕೆ ಹುಡುಕಲಿ ಅಂತ."

"ತಟ್ಟೆ ಮುಚ್ಚಿ ಬೇಯಿಸ್ಕೋತಾರೆ," ಎಂದ ಒಬ್ಬ.

"ನಿಮ್ಮಪ್ಪಂಗೆ ಗೊತ್ತಾ ತಟ್ಟೆ ಎಲ್ಲಿದೆ ಅಂತ?" ಎಂದಳು ಇನ್ನೊಬ್ಬಳು.

ಆಮೇಲೆ ಕ್ಲಾಸನ್ನು ಹಿಡಿಯುವವರಿರಲಿಲ್ಲ. ಅವಳು ಸಮುದ್ರ ನೋಡಲು ಹೊರಟಿದ್ದಾಳೆ, ಇಲ್ಲ, ಮುಚ್ಚಳ ಮಾರಲು, ಇಲ್ಲ, ರೈಲಿನಲ್ಲಿ ಬಾರಿಸಿ ಹಾಡಲು. ತಪ್ಪು ಇಂಗ್ಲಿಷಿನ ಸಂತೆಯೇ ನೆರೆಯಿತು. ಒಲ್ಫಾ ನಡುವೆ ನಿಂತು ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟಿಸಿದಳು, ಬೇಕಾದ ಒಂದೊಂದು ಪದ ಬೋರ್ಡಿನ ಮೇಲೆ ಬರೆದಳು. ಗಂಟೆ ಹೊಡೆಯುವಷ್ಟರಲ್ಲಿ ವಸೀಲಾಳ ಕಡಲೆ ಮುಗಿದು ಬಾಯಾರಿಕೆಯಾಗಿತ್ತು.

ಮಕ್ಕಳು ಹೊರಗೆ ಹೋದ ಮೇಲೆ ಇನ್‌ಸ್ಪೆಕ್ಟರು ವರದಿಯ ಹಾಳೆ ತೆಗೆದರು. ಒಲ್ಫಾ ಬೆರಳು ಹೆಣೆದು ನಿಂತಿದ್ದಳು.

"ಶಿಕ್ಷಕಿ ತುಂಬಾ ಕಡಿಮೆ ಮಾತಾಡಿದ್ರು," ಎಂದರು ಅವರು.

"ಸಂಬಳ ಮಾತಿನ ಲೆಕ್ಕದಲ್ಲಿ ಕೊಡ್ತಾರಾ ಸೀ ಅಬ್ದುಲ್ ವಾಹಿದ್?" ಎಂದಳು ವಸೀಲಾ.

ಅವರ ಮೀಸೆಯಡಿ ನಗು ಹಣಕಿತು. "ಆ ಮೌನ ಇದೆಯಲ್ಲ, ನನಗೇ ತಡೆಯಕ್ಕಾಗ್ಲಿಲ್ಲ. ನಾನು ಬಾಯಿ ಹಾಕಿದ್ದನ್ನ ವರದಿಯಲ್ಲಿ ಬರೆಯೋ ಅಗತ್ಯ ಇಲ್ಲ, ಅಲ್ವಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ 'ಖಾಯಂ ಮಾಡಲು ಯೋಗ್ಯರು' ಎಂದು ಬರೆದು ಸಹಿ ಹಾಕಿದರು. ಒಲ್ಫಾ ಭೂಪಟಗಳ ಕೋಣೆಯ ಕಡೆ ಓಡಿದಳು.

"ಇದನ್ನ ಜಿಲ್ಲೆಯ ಹೊಸ ಟೀಚರುಗಳಿಗೆಲ್ಲ ಹೇಳಿಕೊಡಬೇಕು ಮದಾಮ್," ಎಂದರು ಅವರು ಚೀಲ ಮುಚ್ಚುತ್ತ. "ತರಬೇತಿ ಕೇಂದ್ರದ ಸಭಾಂಗಣ ಈ ಭಾನುವಾರ ಖಾಲಿಯಿದೆ."

"ಸಭಾಂಗಣದಲ್ಲಿ ಆಗಲ್ಲ. ಲಲ್ಲಾ ಮನ್ನೂಬಿಯಾನ ಕೇಳ್ತೀನಿ."

ಮನ್ನೂಬಿಯಾ ಒಪ್ಪಿದಳು, ಒಂದು ಷರತ್ತು ಹಾಕಿದಳು. ಕೊನೆಯ ಕೊಯ್ಲಿನ ಹೂವು ಉಳಿದಿದೆ, ಬಂದವರೆಲ್ಲ ಕೈ ಹಾಕಬೇಕು. ಭಾನುವಾರ ಒಂಬತ್ತು ಮಂದಿ ಬಂದರು, ಐವರು ಹೆಂಗಸರು, ನಾಲ್ವರು ಗಂಡಸರು. ಇನ್‌ಸ್ಪೆಕ್ಟರೂ ನೋಡಿಹೋಗಲು ಬಂದರು. ವಸೀಲಾ ಹೆಂಗಸರನ್ನು ಮಣೆಯ ಮೇಲೆ ಕೂರಿಸಿ ಪಾಠ ಶುರುಮಾಡಿದಳು. ಗಂಡಸರು ಆಗಲೇ ಗೋಡೆಗೊರಗಿ ಆರಾಮಾಗಿ ಕೂತು ಕಾಫಿಗೆ ಕಾಯುತ್ತಿದ್ದರು. ಇವರಿಗೆ ಹತ್ತು ಎಣಿಸಲು ಹೇಳಿ ಏನು ಉಪಯೋಗ ಎಂದು ಅವಳು ಒಂದು ಕ್ಷಣ ಯೋಚಿಸಿದಳು.

ಅಷ್ಟರಲ್ಲಿ ಮನ್ನೂಬಿಯಾ ಅಂಗಳದ ಮಧ್ಯೆ ಬಂದು ನಿಂತಳು. ನಾಲ್ವರನ್ನೂ, ಜೊತೆಗೆ ಯಾರೆಂದು ಗೊತ್ತಿಲ್ಲದ ಆ ಮೀಸೆಯವರನ್ನೂ ಒಮ್ಮೆ ನೋಡಿದಳು.

"ನಿಮ್ಮ ಪಾಠ ಬೇರೆ ಕಣಪ್ಪ," ಎಂದಳು. "ನೀವು ಏಳೋದು ಕಲೀರಿ. ಹಂಡೆ ಮೇಲಿನ ನೀರು ಬಿಸಿಯಾಗಿದೆ. ನಾನು ಒಂದರಿಂದಲೇ ಶುರು ಮಾಡ್ತೀನಿ."

ಮೂರು ಎನ್ನುವಷ್ಟರಲ್ಲಿ ಸೀ ಅಬ್ದುಲ್ ವಾಹಿದ್ ಎದ್ದು ಅಂಗಿಯ ತೋಳು ಮಡಚಿದರು.