ಇಬ್ಬರ ಭಾಷೆಗೆ ಒಂದು ಹೊಸ ಮಾತು

ಬೆಳಿಗ್ಗೆ ಏಳೂವರೆಗೆ ಸಾಗರದಲ್ಲಿ ಹೊಸನಗರದ ಖಾಸಗಿ ಬಸ್ಸು ಹತ್ತಿದೆ. ಚಳಿಯಿತ್ತು, ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಐವತ್ತು ರೂಪಾಯಿಯ ಟಿಕೆಟ್ಟಿನ ಹಿಂದೆ ಒಂದು ಶಬ್ದ ಬರೆದು ಹೊಡೆದುಹಾಕಿದೆ. ತೀರ್ಥಹಳ್ಳಿ ತಲುಪುವುದರೊಳಗೆ ತಪ್ಪೊಪ್ಪಿಗೆಗೆ ಒಂದು ಮಾತು ಹುಟ್ಟಿಸಬೇಕಿತ್ತು.

ಏಳನೇ ತರಗತಿಯಲ್ಲಿ, ಸಾಗರದ ಹಾಸ್ಟೆಲಿನಲ್ಲಿ, ನಾನೂ ವೀಣಾಳೂ ಒಂದು ಭಾಷೆ ಕಟ್ಟಿದ್ದೆವು. ‘ತುಮಿರೆ’ ಎಂದರೆ ಬಂದೆಯಾ. ಅದಕ್ಕೆ ಉತ್ತರ ‘ಲೋಕಿ’: ಬಂದೆ, ಜಾಗ ಬಿಡು. ‘ಬಾಪಿಲೊ’ ಎಂದರೆ ಊಟವಾಯಿತೆ. ಒಬ್ಬಳು ತಂದ ಶಬ್ದವನ್ನು ಇನ್ನೊಬ್ಬಳು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಭಾಷೆಗೆ ಸೇರುತ್ತಿತ್ತು. ಎರಡು ವರ್ಷದ ಹಿಂದೆ, ಎಂ.ಎ. ಓದುವಾಗ, ಅವಳನ್ನು ಕೇಳದೆ ಆ ಶಬ್ದಗಳ ಪಟ್ಟಿಯನ್ನು ಸೆಮಿನಾರಿನಲ್ಲಿ ಓದಿದೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಯಾರೋ ಹಂಚಿದ ವೀಡಿಯೊ ಅವಳಿಗೂ ತಲುಪಿತು. ಅಂದಿನಿಂದ ಅವಳು ನನ್ನ ಫೋನ್ ಎತ್ತಿರಲಿಲ್ಲ.

ಹೊಸನಗರದಲ್ಲಿ ಬಸ್ಸು ಬದಲಿಸಲು ನಲವತ್ತು ನಿಮಿಷ ಕಾದೆ. ಬನ್ಸ್ ತಿಂದು ಚಹಾ ಕುಡಿದೆ. ಮುಂದೆ ತಿರುವುಗಳ ದಾರಿ. ತೀರ್ಥಹಳ್ಳಿಯಲ್ಲಿ ಇಳಿಯುವಾಗ ಟಿಕೆಟ್ಟಿನ ಮೇಲೆ ಹೊಡೆದುಹಾಕದೆ ಉಳಿದದ್ದು ಒಂದೇ ಶಬ್ದ: ‘ಮೆರಾಸುಲಿನೊ’.

ವೀಣಾಳ ಹೊಲಿಗೆ ಅಂಗಡಿ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಅವಳು ಮಿಷನ್ನಿನ ಮುಂದಿದ್ದಳು. ಪಕ್ಕದ ಸ್ಟೂಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ರವಿಕೆಗೆ ಕಾಯುತ್ತಿದ್ದರು.

“ಬನ್ನಿ,” ಎಂದಳು ವೀಣಾ. ಹನ್ನೆರಡು ವರ್ಷದಲ್ಲಿ ಅವಳು ನನಗೆ ಬಹುವಚನ ಬಳಸಿದ್ದು ಅದೇ ಮೊದಲು.

“ಎಂತ ವೀಣಾ, ಬನ್ನಿ ಅಂದು ಸುಮ್ನೆ ಕೂತ್ಯಲ್ಲೆ. ಅವ್ರು ನಿಂತೇ ಇರ್ಬೇಕಾ?” ಎಂದರು ಆ ಹೆಂಗಸು.

“ಇರೋದು ಒಂದೇ ಸ್ಟೂಲು, ಸರೋಜಕ್ಕ. ಅದ್ರಲ್ಲಿ ನೀವಿದೀರಿ.”

“ಹಾಗಾದ್ರೆ ಆ ಹುಕ್ಕು ಬೇಗ ಹಾಕ್ಕೊಡು ಮಾರಾಯ್ತಿ, ಎದ್ದು ಹೋಗ್ತೀನಿ.”

ಅವರು ಹೋದ ಮೇಲೂ ನಾನು ಕೂರಲಿಲ್ಲ. “ಮೆರಾಸುಲಿನೊ,” ಎಂದೆ.

“ಅದೆಂತದು?”

“ತಪ್ಪಾಯ್ತು ಅಂತ. ಅದಕ್ಕೆ ನಮ್ಮಲ್ಲಿ ಶಬ್ದ ಇರ್ಲಿಲ್ಲ.”

ಅವಳು ದಾರ ಕತ್ತರಿಸಿದಳು. “ಜನ ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ. ‘ನಾನು ಕಟ್ಟಿದ ಭಾಷೆ’ ಅಂದ್ಯಲ್ಲ, ಅದಕ್ಕೆ.”

ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಅಂದಿದ್ದೆ ಎಂಬುದರಲ್ಲಿ ಅನುಮಾನವೂ ಇರಲಿಲ್ಲ.

ಅವಳು ಒಂದು ತೋಳು ಪೂರ್ತಿ ಹೊಲಿದಳು. ಆಮೇಲೆ ತಲೆ ಎತ್ತದೆ, “ಉದ್ದ ಆಯ್ತು. ಅಷ್ಟು ಹೇಳಿ ಮುಗ್ಸೋದ್ರೊಳಗೆ ಇನ್ನೊಂದು ಜಗಳ ಆಗಿರತ್ತೆ. ಮೆರಾಸು. ಸಾಕು,” ಎಂದಳು.

ಬಾಯಿಬಿಟ್ಟು ಹೇಳಿಬಿಟ್ಟಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ. ಕಾಲು ನೋಯುತ್ತಿದ್ದದ್ದು ಆಗ ತಿಳಿಯಿತು.

ಅವಳ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ತಿಂದೆವು. ಮೂರು ಗಂಟೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಅವಳೂ ನಿಲ್ದಾಣಕ್ಕೆ ಬಂದಳು. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ನಮ್ಮ ಭಾಷೆಯ ನಾಲ್ಕು ಮಾತು ಮಾತ್ರ ಬರೆಯಲು ಒಪ್ಪಿದಳು; ಆ ನಾಲ್ಕೂ ಮೇಲಿವೆ. ಬಸ್ಸು ಹೊರಡುವಾಗ ಕಿಟಕಿಯ ಕೆಳಗಿನಿಂದ ಐದನೆಯದೊಂದನ್ನು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು.

“ಎಂತ ಅಂದ್ರು ಅವ್ರು?” ಎಂದು ಪಕ್ಕದ ಸೀಟಿನ ಹೆಂಗಸು ವಿಚಾರಿಸಿದರು.

“ಅವಳನ್ನ ಕೇಳಿ ಹೇಳ್ತೀನಿ,” ಎಂದೆ. ಬಸ್ಸು ಆಗಲೇ ಊರು ದಾಟಿತ್ತು.