ಕಾಲು ಮುಂದಾಗಿ ಹುಟ್ಟಿದವಳು

ಆಗೆಲ್ಲ ನಮ್ಮೂರಿನಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ನಾನು. ಸಾತನೂರಿನಿಂದ ಒಳಗೆ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವಂಥ ಊರು ನಮ್ಮದು. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ಹಾಗೆ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಿಮ್ಮೂರಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಸಿಕ್ಕರೆ ಕೇಳಿ ನೋಡಿ, ಅವರಿಗೂ ನನ್ನ ಹಾಗೆ ನಾಚಿಕೆಯಾಗುತ್ತಿತ್ತಾ ಎಂದು.

ಬೆಳಿಗ್ಗೆ ಮುಖ ತೊಳೆಯುವ ಮೊದಲೇ ತುಳಿಯಬೇಕು, ಅದು ನಿಯಮ. ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ಯಾರೋ ಬೋರಲು ಮಲಗಿರುತ್ತಿದ್ದರು. ಅಜ್ಜಿ ನನ್ನ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು. ನಾನು ಎಡಗಾಲನ್ನು ಅವರ ಸೊಂಟದ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಉಜ್ಜುತ್ತಿದ್ದೆ. "ಹಾ, ಅಲ್ಲೇ ಕಣವ್ವ, ಒಸಿ ಒತ್ತು" ಎಂದು ಮಲಗಿದವರು ನರಳುತ್ತಿದ್ದರು. ಎದ್ದ ಮೇಲೆ ನನ್ನ ಕೈಗೆ ಹುರಿಗಡಲೆಯೋ ಬೆಲ್ಲದ ಚೂರೋ ಬೀಳುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಅದರಲ್ಲಿ ಬಲು ಜಂಬ. ಬೆಲ್ಲವನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಕುಂಟೆಬಿಲ್ಲೆ ಆಡುವುದಕ್ಕೆ ಓಡುತ್ತಿದ್ದೆ.

ಜಂಬ ಇಳಿದದ್ದು ಏಳನೇ ಕ್ಲಾಸಿನ ಮಳೆಗಾಲದಲ್ಲಿ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಲೆಕ್ಕದ ಮೇಷ್ಟ್ರು ಬೈಕಿನಲ್ಲಿ ಬಂದರು. ಇಳಿಯುವಾಗಲೇ ಮುಖ ಹಿಂಡಿಕೊಂಡು ಕೈಯನ್ನು ಸೊಂಟದ ಮೇಲಿಟ್ಟುಕೊಂಡಿದ್ದರು. ಬಂದ ಕಾರಣ ನನಗೆ ಗೊತ್ತಾಗಿಹೋಯಿತು.

"ಅಜ್ಜಿ, ಅವ್ರು ನಮ್ ಮೇಷ್ಟ್ರು. ತುಳಿಯಾದೆಂಗೆ?" ಎಂದು ಒಳಗೆ ಓಡಿದೆ.

"ಮೇಷ್ಟ್ರಾದ್ರೇನು, ಅವ್ರಿಗೆ ಸೊಂಟ ಇರಾಕಿಲ್ವಾ? ಬಾ ಸುಮ್ಕೆ," ಎಂದು ಅಜ್ಜಿ ಎಳೆದುಕೊಂಡು ಬಂದಳು.

ಮೇಷ್ಟ್ರು ಆಗಲೇ ಮಲಗಿಬಿಟ್ಟಿದ್ದರು. "ಪರವಾಗಿಲ್ಲ ತುಳಿಯಮ್ಮ ಸುಮಾ, ಯಾರಿಗೂ ಹೇಳ್ಬೇಡ ಅಷ್ಟೆ" ಎಂದು ನೆಲಕ್ಕೆ ಮುಖವಿಟ್ಟುಕೊಂಡೇ ಹೇಳಿದರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ನಾನು ಪಾಠ ಹೇಳುವವರ ಬೆನ್ನಿನ ಮೇಲೆ ಕಾಲಿಟ್ಟೆ.

ನಾನಂತೂ ಯಾರಿಗೂ ಹೇಳಲಿಲ್ಲ. ಆದರೆ ನಮ್ಮೂರ ಬಾಯಿಗೆ ಬಾಗಿಲು ಇಲ್ಲವಲ್ಲ. ಸೋಮವಾರ ಸ್ಕೂಲಿನ ಮೆಟ್ಟಿಲು ಹತ್ತುವಾಗಲೇ ಹುಡುಗರು ಶುರುಮಾಡಿದರು. "ಲೇ, ಒದೆ ಡಾಕ್ಟ್ರು ಬಂದ್ಳು ಕಣ್ರಲಾ, ಬೋರಲು ಮಲಿಕ್ಕಳ್ರಲಾ!" ಒಬ್ಬನಂತೂ ವರಾಂಡದಲ್ಲಿ ನಿಜವಾಗಿಯೂ ಮಲಗಿಬಿಟ್ಟ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅವತ್ತಿನಿಂದ ಕ್ಲಾಸಿನಲ್ಲಿ ಕಾಲನ್ನು ಲಂಗದೊಳಗೆ ಎಳೆದುಕೊಂಡು ಕೂರತೊಡಗಿದೆ.

ಅದೂ ಏನಲ್ಲ ಅನ್ನಿಸುವಂಥದ್ದು ಆಮೇಲೆ ಕಾದಿತ್ತು.

ನಮ್ಮದು ರೇಷ್ಮೆ ಮನೆ. ಕೊನೆಯ ಜ್ವರ ಎದ್ದ, ಅಂದರೆ ಕಡೆಯ ಸಲ ಪೊರೆ ಬಿಟ್ಟ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವು ಮೇಯುವ ಸದ್ದು ಹೊರಗೆ ಮಳೆ ಹಿಡಿದಂತೆ ಕೇಳುತ್ತಿತ್ತು. ಹಸಿ ಹಿಪ್ಪುನೇರಳೆ ಸೊಪ್ಪಿನ, ಹಿಕ್ಕೆಯ ವಾಸನೆ ನಾವು ಉಣ್ಣುವ ಮುದ್ದೆ ಉಪ್ಪೆಸರಿಗೂ ಹತ್ತಿರುತ್ತಿತ್ತು. ಅವ್ವ ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು, ಹುಳುಮನೆಯ ಸ್ಟ್ಯಾಂಡಿನಲ್ಲಿ ನೆಲಕ್ಕೆ ತಾಗಿದಂತಿದ್ದ ತಟ್ಟೆಯಿಂದ ಮೇಲಿನ ತಟ್ಟೆಯವರೆಗೆ ಬಗ್ಗಿ ಎದ್ದು ಬಗ್ಗಿ ಎದ್ದು ಹಾಕುತ್ತಿದ್ದಳು. ಕೂತವಳು ಏಳಬೇಕಾದರೆ ಮೊದಲು ಮಂಡಿ ಹಿಡಿಯಬೇಕು, ಆಮೇಲೆ ಗೋಡೆ ಹಿಡಿಯಬೇಕು. ನಾನು ನೋಡಿದಾಗಿನಿಂದ ಅವಳು ಹಾಗೆಯೇ. ಅವ್ವ ಅಂದರೆ ಒಂದಿಷ್ಟು ಬಗ್ಗಿಯೇ ಇರುವವಳು ಎಂದು ನಾನು ತಿಳಿದಿದ್ದೆ.

ಒಂದು ಸಂಜೆ ಅವಳು ಗೋಡೆ ಹಿಡಿದು ಹಾಗೇ ನಿಂತುಬಿಟ್ಟಳು. ತುಟಿ ಕಚ್ಚಿದ್ದಳು.

"ಅವ್ವ, ನಾಳೆ ಬೆಳಿಗ್ಗೆ ನಾನು ತುಳೀಲಾ?" ಎಂದೆ. ಊರಿಗೆಲ್ಲ ತುಳಿದವಳು, ಅವ್ವನಿಗೆ ತುಳಿಯಲು ನನಗೆ ನಾಚಿಕೆಯಿರಲಿಲ್ಲ.

"ಬ್ಯಾಡ ಕಣವ್ವ. ಸರೋಯ್ತದೆ."

"ಯಾಕವ್ವ? ಎಲ್ಲಾರ್ಗೂ ತುಳೀತೀನಿ, ನಿನ್ಗೊಬ್ಳಿಗೆ ಯಾಕ್ ಬ್ಯಾಡ?"

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಗೆ ರೇಗಿತು. "ಅವ್ಳ್ ಸೊಂಟ ನಿನ್ ಕಾಲಿಗೆ ಬಗ್ಗಾಕಿಲ್ಲ ಕಣೇ. ಕಾಲ್ ಚಾಚ್ಕಂಡು ಬಂದು ಅದ್ನ ಮುರ್ದೋಳೇ ನೀನು. ನಿನ್ ಹೆತ್ತಾಗ್ಲಿಂದ ಅವ್ಳು ನೆಟ್ಗೆ ನಿಂತಿಲ್ಲ."

"ಅತ್ತೆ, ಮಗೀಗೆ ಯಾಕಂಗಂತೀರಿ," ಎಂದಳು ಅವ್ವ. ಸುಳ್ಳು ಎಂದು ಮಾತ್ರ ಹೇಳಲಿಲ್ಲ.

ಆ ಹೊತ್ತಿನಿಂದ ನನ್ನ ಕಾಲನ್ನು ನಾನೇ ನೋಡಲಾರದೆ ಹೋದೆ. ಸ್ನಾನ ಮಾಡುವಾಗಲೂ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಯಾರಾದರೂ ಕೆಮ್ಮಿದರೆ ಹಿತ್ತಲ ಬಾಗಿಲಿಂದ ಹಿಪ್ಪುನೇರಳೆ ತೋಟಕ್ಕೆ ಓಡಿಹೋಗಿ ಕೂರುತ್ತಿದ್ದೆ. ಊರವರ ಸೊಂಟ ಸರಿಮಾಡಿ ಬೆಲ್ಲ ತಿಂದವಳು, ಹೆತ್ತವಳ ಸೊಂಟ ಮುರಿದು ಹುಟ್ಟಿದವಳು. ಆ ನಾಚಿಕೆಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಅದೇ ರೇಷ್ಮೆ ಬೆಳೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಅವ್ವ ಚಾಪೆಯಿಂದ ಏಳಲೇ ಇಲ್ಲ. ಏಳಲು ಹೋದರೆ "ಅಯ್ಯಪ್ಪಾ" ಎಂದು ಮತ್ತೆ ಬೀಳುತ್ತಿದ್ದಳು. ಅಪ್ಪ ಪಕ್ಕದ ಮನೆಯವರ ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ, ಅವಳನ್ನು ಮಲಗಿಸಿ ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೂ ಹೋದೆ.

ಅಲ್ಲಿ ಇದ್ದವರು ಒಬ್ಬ ಲೇಡಿ ಡಾಕ್ಟರು. ಅವ್ವನ ಬೆನ್ನು ಒತ್ತಿ ನೋಡಿದರು, ಮಂಡಿಗೆ ತಟ್ಟಿದರು, ಒಂದೊಂದೇ ಕಾಲು ಎತ್ತಿಸಿದರು. ಕಾಲು ಜೋಮು ಹಿಡಿಯುತ್ತಾ, ಮೂತ್ರಕ್ಕೆ ಹೋಗೋದು ಸಲೀಸಾ ಎಂದೆಲ್ಲ ಕೇಳಿದರು. ಆಮೇಲೆ, "ಎಷ್ಟು ದಿನದಿಂದ ನೋವು?" ಎಂದರು.

ಅವ್ವ ನನ್ನ ಮುಖ ನೋಡಿ ಕಣ್ಣು ಬೇರೆಡೆ ತಿರುಗಿಸಿದಳು. ನನಗೆ ತಡೆಯಲಾಗಲಿಲ್ಲ. "ನಾನು ಹುಟ್ಟಿದಾಗ್ಲಿಂದ ಡಾಕ್ಟ್ರೇ. ನನ್ ಕಾಲು ಮುಂದಾಗಿ ಬಂತಂತೆ. ಅದಕ್ಕೇ ಹಿಂಗಾಗದೆ" ಎಂದು ಹೇಳಿ ಗೊಳೋ ಎಂದು ಅತ್ತುಬಿಟ್ಟೆ.

"ಯಾರಮ್ಮ ನಿನ್ನ ತಲೆಗೆ ಇದನ್ನ ತುಂಬಿದ್ದು?" ಡಾಕ್ಟರು ಬೆರಗಾದರು. ಅಪ್ಪನನ್ನು ಕೇಳಿ ಮನೆಯ ಕೆಲಸ ತಿಳಿದುಕೊಂಡರು. "ನೋಡು, ಇದು ನಿನ್ನಿಂದ ಆದದ್ದಲ್ಲ. ನೆಲದ ಮೇಲಿನ ತಟ್ಟೆಗೆ ದಿನಾ ಬಗ್ಗಿ, ಹೊರೆ ಎತ್ತಿ, ಒಂದು ದಿನವೂ ಸುಧಾರಿಸಿಕೊಳ್ಳದೆ ಬಂದಿರೋ ನೋವು. ಮೊದಲೇ ತೋರಿಸಿದ್ದರೆ ಇಷ್ಟಾಗ್ತಿರಲಿಲ್ಲ" ಎಂದರು.

ಮಾತ್ರೆ ಕೊಟ್ಟರು. ನೋವು ತಗ್ಗುತ್ತಿದ್ದಂತೆ ಎದ್ದು ಓಡಾಡಬೇಕು, ಹಾಸಿಗೆ ಹಿಡಿದರೆ ಸೊಂಟ ಇನ್ನೂ ಬಿಗಿಯುತ್ತದೆ ಎಂದರು. ಭಾರ ಎತ್ತುವಾಗ ಮಂಡಿ ಮಡಿಸಿ ಕೂತು, ಎದೆಗೆ ಅವಚಿಕೊಂಡು ಏಳಬೇಕು. ಕೆಳಗಿನ ತಟ್ಟೆಯನ್ನು ಸೊಂಟದೆತ್ತರಕ್ಕೆ ಏರಿಸಬೇಕು. ದಿನಾ ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ಮೆಲ್ಲಗೆ ಎತ್ತಿ ಇಳಿಸಬೇಕು.

"ಹುಳ ಐತಲ್ಲ ಡಾಕ್ಟ್ರೇ, ಸೊಪ್ ಹಾಕೋರ್ಯಾರು?" ಎಂದರು ಅಪ್ಪ.

"ನೀವಿದ್ದೀರಲ್ಲ, ನೆಟ್ಟಗೇ ಇದ್ದೀರಿ," ಎಂದರು ಡಾಕ್ಟರು. ಅಪ್ಪ ತಲೆ ಕೆರೆದುಕೊಂಡರು.

ಅಪ್ಪ ಮಾತು ಮೀರಲಿಲ್ಲ, ತಟ್ಟೆ ಏರಿಸಿದರು, ಹೊರೆಯನ್ನೂ ತಾವೇ ಹೊತ್ತರು. ಕಷ್ಟವಾದದ್ದು ವ್ಯಾಯಾಮವೇ. ಹಗಲು ಹೊತ್ತು ಮನೆಯ ಸೊಸೆ ಅಂಗಾತ ಮಲಗಿ ಸೊಂಟ ಎತ್ತುವುದೇ? ಅವ್ವ ನಾಚಿಕೆಯಿಂದ ಹಿಡಿಯಾದಳು. ಹುಳುಮನೆಯ ಬಾಗಿಲು ಮುಂದಕ್ಕೆ ಹಾಕಿ, ಸ್ಟ್ಯಾಂಡುಗಳ ನಡುವೆ ಚಾಪೆ ಹಾಸಿಕೊಂಡು ಕದ್ದು ಮಾಡುತ್ತಿದ್ದಳು. ಬಾಗಿಲಿಗೆ ಕಾವಲು ನಾನು.

ಒಂದು ದಿನ ಅಜ್ಜಿ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. "ಥೂ, ಏನಮ್ಮಿ ಇದು ನಾಚ್ಕೆಗೆಟ್ಟ ಕೆಲ್ಸ! ಬೆಳ್ದಿರೋ ಮಗಳ ಮುಂದೆ!" ಎಂದು ಕೂಗಿದಳು.

ಅವ್ವ ಧಡಕ್ಕನೆ ಏಳುತ್ತಾಳೆ, ಇನ್ನು ಈ ಕೆಲಸ ನಿಂತುಹೋಗುತ್ತದೆ, ಅವಳು ಮತ್ತೆ ಗೋಡೆ ಹಿಡಿಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ಅವ್ವ ಏಳಲಿಲ್ಲ. ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರಿತ್ತು.

"ಒಸಿ ತಡೀರಿ ಅತ್ತೆ, ಇನ್ನೂ ಮುಗ್ದಿಲ್ಲ," ಎಂದು ಸೊಂಟ ಎತ್ತಿದಳು.

ಅಜ್ಜಿ ಗೊಣಗುತ್ತ ಹೊರಗೆ ಹೋದಳು. ನಾನು ಬಾಗಿಲು ಹಾಕಲಿಲ್ಲ. ಆ ನೋವು ಪೂರಾ ಬಿಟ್ಟುಹೋಯಿತು ಎಂದೇನಿಲ್ಲ, ಹೆಚ್ಚು ದುಡಿದ ದಿನ ಈಗಲೂ ಬರುತ್ತದೆ. ಆದರೆ ಅಲ್ಲಿಂದಾಚೆಗೆ ಚಾಪೆಯಿಂದ ಏಳಲು ಅವ್ವನಿಗೆ ಗೋಡೆ ಬೇಕಾಗಲಿಲ್ಲ.

ಈಗ ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ದಿನವಿಡೀ ಕೂತು ನನಗೂ ಸೊಂಟ ನೋವು ಶುರುವಾಗಿದೆ. ಹೋದ ಸಲ ಊರಿಗೆ ಹೋದಾಗ ಅವ್ವನೇ ನನ್ನನ್ನು ಚಾಪೆಯ ಮೇಲೆ ಮಲಗಿಸಿ, "ಉಸ್ರು ಕಟ್ಬ್ಯಾಡ, ನಿಧಾನಕ್ಕೆ ಎತ್ತು" ಎಂದು ಹೇಳಿಕೊಟ್ಟಳು. ಮಲಗಿದ್ದಂತೆಯೇ ಕೇಳಿದೆ, "ಅಷ್ಟು ವರ್ಷ ನೋವು ತಿಂದ್ಯಲ್ಲವ್ವ, ಒಂದಿನಾನಾದ್ರೂ ಡಾಕ್ಟ್ರ ತಾವ ಯಾಕೆ ಹೋಗ್ನಿಲ್ಲ?"

ಅವ್ವ ನನ್ನ ಪಕ್ಕ ಚಾಪೆಯ ಅಂಚಿಗೆ ಕೂತಳು.

"ನಿನ್ನ ಹೆತ್ತಿದ್ಕೆ ಬಂದ ನೋವು ಅಂತ ನಾನೂ ನಂಬಿದ್ದೆ ಕಣವ್ವ. ಮದ್ದು ಮಾಡಿಸ್ಕಂಡ್ರೆ ನಿನ್ ಮ್ಯಾಲೆ ದೂರು ಹೇಳ್ದಂಗಾಯ್ತದೆ ಅನ್ಸೋದು. ಅದ್ಕೇ ಸುಮ್ಕಿದ್ದೆ."

ನನ್ನ ನಾಚಿಕೆಯೊಂದನ್ನೇ ನಾನು ಇಷ್ಟು ವರ್ಷ ದೊಡ್ಡದೆಂದುಕೊಂಡು ತಿರುಗಿದ್ದೆ. ಊರಿನಲ್ಲಿ ಈಗ ಬೆಳಿಗ್ಗೆ ಯಾರೂ ನಮ್ಮ ಜಗಲಿಗೆ ಬರುವುದಿಲ್ಲ, ಅದಕ್ಕೆ ನನಗೆ ದುಃಖವೂ ಇಲ್ಲ. ಅವ್ವನಿಗೆ ಆಗಿನ್ನೂ ಚಿಕ್ಕ ವಯಸ್ಸಿತ್ತು, ತಲೆಯ ತುಂಬ ಕಪ್ಪು ಕೂದಲಿತ್ತು, ಮದ್ದೂ ಕನಕಪುರದಷ್ಟು ಹತ್ತಿರದಲ್ಲಿತ್ತು. ನೆಟ್ಟಗೆ ನಿಂತ ಆ ಹರೆಯದ ಅವ್ವನನ್ನು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ.