ಒಗ್ಗರಣೆ ನಿಂತ ಕೋಣೆ

ನನಗೆ ಆಗ ಇಪ್ಪತ್ತೆರಡು. ಅದಾಗಿ ಐವತ್ತೈದು ವರ್ಷದ ಮೇಲಾಯಿತು. ಬೊಂಬಾಯಿಯ ಬಂದರಿನಲ್ಲಿ ನಾನು ಮೊದಲು ಕಂಡದ್ದು ಊರನ್ನಲ್ಲ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಗಂಡಸರನ್ನು. ಹಡಗು ನಿಂತದ್ದೇ ಅವರು ಹತ್ತಿ ಬಂದರು. ನಮ್ಮ ಪಕ್ಕ ಚಾಪೆ ಹಾಸಿಕೊಂಡು ಬಂದಿದ್ದ ಒಬ್ಬಳು ತಮಿಳು ಹೆಂಗಸಿನ ಮಗುವಿಗೆ ಮೈತುಂಬ ಗುಳ್ಳೆ ಎದ್ದಿತ್ತು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ತಾಯಿಯನ್ನು ಜೊತೆಗೆ ಬಿಡಲಿಲ್ಲ. ನಾನು ನನ್ನ ವಾರಿಜಳನ್ನು ಸೆರಗಿನೊಳಗೆ ಒತ್ತಿ ಹಿಡಿದೆ. ನಾಲ್ಕು ವರ್ಷದ ಹುಡುಗಿ. ದಾರಿಯುದ್ದಕ್ಕೂ ಆ ಮಗುವಿನ ಜೊತೆ ಕವಡೆ ಆಡಿಕೊಂಡು ಬಂದವಳು.

ಮೊನ್ನೆ ಮೊಮ್ಮಗಳು ನಾನು ಹಿಂದೆ ಇದ್ದ ದೇಶಗಳನ್ನೆಲ್ಲ ಸುತ್ತಿ ಮುಲುಂಡಿನ ನಮ್ಮ ಮನೆಗೆ ವಾಪಸು ಬಂದಳು. ಫೋಟೋ ತೋರಿಸುತ್ತಾ, "ಅಜ್ಜೀ, ನೀವೂ ಸಿಂಗಾಪುರ್, ಪೆನಾಂಗ್, ಕೊಲಂಬೊ ಎಲ್ಲಾ ಟೂರ್ ಮಾಡಿದ್ರಿ ನಾ? ಬೆಸ್ಟ್ ಯಾವ್ದು?" ಅಂದಳು.

"ಅಡುಗೆಕೋಣೆ" ಅಂದೆ.

ನಗಾಡಿದಳು. ನಾನು ತಮಾಷೆಗೆ ಹೇಳಿದ್ದಲ್ಲ. ಇವರು, ಅಂದರೆ ನನ್ನ ಗಂಡ, ಹೋಟೆಲಿನ ಅಡುಗೆಯವರು. ಇವರ ಸೋದರಮಾವ ಸಿಂಗಾಪುರದಲ್ಲಿ ಹೋಟೆಲು ಇಟ್ಟಿದ್ದರು, ಬಾ ಅಂದರು, ಉಡುಪಿಯಿಂದ ಹೋದೆವು. ಮಾವ ತೀರಿಹೋದರು, ಹೋಟೆಲು ಮುಚ್ಚಿತು. ಅಲ್ಲಿಂದ ಪೆನಾಂಗ್. ಅಲ್ಲಿ ಕೆಲಸ ನಿಲ್ಲಲಿಲ್ಲ. ಅಲ್ಲಿಂದ ಕೊಲಂಬೊ. ಅಲ್ಲಿನ ಸರಕಾರಕ್ಕೆ ನಮ್ಮನ್ನು ಇಟ್ಟುಕೊಳ್ಳುವ ಮನಸ್ಸಿರಲಿಲ್ಲ. ಎರಡು ವರ್ಷ ಹೀಗೆ ಗಂಟು ಕಟ್ಟುವುದು, ಗಂಟು ಬಿಚ್ಚುವುದು. ಮೂರು ದೇಶ ನೋಡಿದೆ ಅಂತ ಜನ ಹೇಳುತ್ತಾರೆ. ನಾನು ನೋಡಿದ್ದು ಮೂರು ಒಲೆ.

ಹೆದರಿಕೆ ಅಲ್ಲಿಯೂ ಇತ್ತು. ಸಿಂಗಾಪುರದಲ್ಲಿ ದಿನಾ ಮಧ್ಯಾಹ್ನ ಆಕಾಶ ಒಡೆದ ಹಾಗೆ ಗುಡುಗು. ಡೂರಿಯನ್ ಅಂತ ಒಂದು ಹಣ್ಣು, ನಮ್ಮ ಹಲಸಿನ ಕೆಟ್ಟುಹೋದ ತಮ್ಮನ ಹಾಗೆ, ಅದರ ವಾಸನೆಗೆ ನಾನು ಮನೆಯೊಳಗೆ ಏನೋ ಸತ್ತಿದೆ ಅಂತ ಮೂಲೆಮೂಲೆ ಹುಡುಕಿದ್ದೇನೆ. ಕೊಲಂಬೊದಲ್ಲಿ ಚರಂಡಿಯಿಂದ ನಾಯಿಯಷ್ಟು ಉದ್ದದ ಉಡ ಎದ್ದುಬರುತ್ತಿತ್ತು. ಆದರೆ ತೆಂಗಿನಮರ ಎಲ್ಲ ಕಡೆ ಇತ್ತು. ತೆಂಗಿನೆಣ್ಣೆ ಕಾದರೆ ಊರಿನದೇ ಪರಿಮಳ. ಕೊಲಂಬೊದ ಹೆಂಗಸರು ಕೈಯಿಂದ ಪಾತ್ರೆ ಜಾರಿದರೆ "ಅಯ್ಯೋ" ಅನ್ನುತ್ತಿದ್ದರು, ನಮ್ಮ ಹಾಗೆಯೇ. ಅಯ್ಯೋ ಅನ್ನುವವರ ನಡುವೆ ಹೇಗೋ ಬದುಕಬಹುದು.

ಬೊಂಬಾಯಿ ನಮ್ಮದೇ ದೇಶ ಅಂತ ಇವರು ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ಗ್ರಾಂಟ್ ರೋಡಿನ ಹತ್ತಿರ ಒಂದು ಚಾಳಿನಲ್ಲಿ ಮೂರನೇ ಮಾಳಿಗೆಯ ಒಂದು ಖೋಲಿ ಸಿಕ್ಕಿತು. ಖೋಲಿ ಅಂದರೆ ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ದೇವರು. ಎದುರಿಗೆ ಉದ್ದದ ಗ್ಯಾಲರಿ, ಎಲ್ಲರ ಬಾಗಿಲೂ ಅದಕ್ಕೇ. ನೀರಿಗೆ ಕೆಳಗೆ ಒಂದು ನಳ. ಲೋಕಲ್ ಗಾಡಿ ಹೋದರೆ ಗೋಡೆ ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. ಇಲ್ಲಿ ಯಾರೂ ಅಯ್ಯೋ ಅನ್ನುವುದಿಲ್ಲ, "ಅಗಬಾಯೀ" ಅನ್ನುತ್ತಾರೆ. ಅಡುಗೆ ಕಡಲೆಕಾಯಿ ಎಣ್ಣೆಯಲ್ಲಿ. ಆ ವಾಸನೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಕೊಲಂಬೊದಿಂದ ತಂದ ಒಂದು ಡಬ್ಬಿ ತೆಂಗಿನೆಣ್ಣೆ ಇತ್ತು. ಬೆರಳು ಅದ್ದಿ ಅದ್ದಿ ಒಗ್ಗರಣೆ ಹಾಕುತ್ತಿದ್ದೆ.

ಬಂದು ಹದಿನೈದು ದಿನ ಆಗಿರಬೇಕು, ವಾರಿಜಳಿಗೆ ಜ್ವರ ಬಂತು. ಮರುದಿನ ಹೊಟ್ಟೆಯ ಮೇಲೆ ಗುಳ್ಳೆ.

ನನಗೆ ಕಣ್ಣಿಗೆ ಕಟ್ಟಿದ್ದು ಹಡಗಿನ ಆ ಕಂಬಳಿ. ಬಾಗಿಲು ಹಾಕಿದೆ. ಇವರು ಎಲ್ಲಿಂದಲೋ ಕಹಿಬೇವಿನ ಸೊಪ್ಪು ತಂದರು. ಊರಿನಲ್ಲಾದರೆ ಬಾಗಿಲಿಗೆ ಕಟ್ಟಬೇಕು. ಇಲ್ಲಿ ಕಟ್ಟಿದರೆ ಇಡೀ ಚಾಳಿಗೆ ಡಂಗುರ. ಚಾಪೆಯ ಅಡಿಯಲ್ಲಿ ಹಾಸಿ ಮಗುವನ್ನು ಮಲಗಿಸಿದೆ. ಅಳದ ಹಾಗೆ ಬಾಯಿಗೆ ಬೆಲ್ಲ ಇಟ್ಟೆ. ಎಲ್ಲ ಮುಚ್ಚಿಟ್ಟೆ. ಒಂದನ್ನು ಮಾತ್ರ ಮುಚ್ಚುವುದಕ್ಕೆ ಆಗಲಿಲ್ಲ.

ಮನೆಯಲ್ಲಿ ಅಮ್ಮ, ಅಂದರೆ ಸಿಡುಬು, ಎದ್ದಾಗ ಒಗ್ಗರಣೆ ಹಾಕಬಾರದು. ಎಣ್ಣೆ ಕಾದು ಸಾಸಿವೆ ಸಿಡಿದರೆ ಅಮ್ಮನಿಗೆ ಉರಿ, ಸಿಟ್ಟಾಗುತ್ತಾಳೆ, ಮಗುವನ್ನು ಬಿಡುವುದಿಲ್ಲ. ನನ್ನ ತಾಯಿ ಹಾಕಲಿಲ್ಲ, ಅವಳ ತಾಯಿಯೂ ಹಾಕಲಿಲ್ಲ. ನಾನು ಬರೀ ಗಂಜಿ ಬೇಯಿಸಿದೆ.

"ಒಂದು ಒಗ್ಗರಣೆ ಹಾಕು ಮಾರಾಯ್ತಿ" ಅಂದರು ಇವರು. "ಚಾಳಿನಲ್ಲಿ ಯಾರ ಮನೆಯಲ್ಲಿ ಎಂತ ಬೇಯ್ತದೆ ಅಂತ ಎಲ್ಲರಿಗೂ ಮೂಗಿನಲ್ಲೇ ಗೊತ್ತಾಗ್ತದೆ."

"ಅಮ್ಮ ಒಳಗಿರುವಾಗ? ನಿಮಗೆ ತಲೆ ಸರಿ ಉಂಟಾ?"

"ಅಮ್ಮ ಕೊಂಡುಹೋಗುವುದು ಆಮೇಲೆ. ಮುನ್ಸಿಪಾಲ್ಟಿಯವರು ಮೊದಲು ಬರ್ತಾರೆ."

ನಾನು ಹಾಕಲಿಲ್ಲ. ಹಾಕಿದರೆ ಅಮ್ಮನ ಹೆದರಿಕೆ, ಹಾಕದಿದ್ದರೆ ಬಿಳಿ ಬಟ್ಟೆಯವರ ಹೆದರಿಕೆ. ಎರಡರ ನಡುವೆ ಗೋಡೆಗೆ ಒರಗಿ ಕುಳಿತಿದ್ದೆ. ಗ್ಯಾಲರಿಯಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಮಗುವಿನ ಬಾಯಿಗೆ ಇನ್ನೊಂದು ಚೂರು ಬೆಲ್ಲ ಇಡುತ್ತಿದ್ದೆ.

ಮೂರನೇ ದಿನ ಬಾಗಿಲು ಬಡಿದದ್ದು ಪಕ್ಕದ ಖೋಲಿಯ ಕಾಶೀಬಾಯಿ. ದಪ್ಪ ಹೆಂಗಸು, ದೊಡ್ಡ ಗಂಟಲು, ಸೊಂಟದ ಮೇಲೆ ಯಾವಾಗಲೂ ಹಾಲು ಕುಡಿಯುವ ಕೂಸು. ನಳದ ಹತ್ತಿರ ನನ್ನ ಕೊಡ ಹಿಂದೆ ತಳ್ಳಿ ತನ್ನದು ಇಡುತ್ತಿದ್ದವಳು. ನಾನು ಒಂದು ಬೆರಳಿನಷ್ಟು ತೆರೆದೆ.

"ಕಾಯ್ ಗೋ, ಫೋಡಣೀ ಕಾ ದೇತ್ ನಾಹೀಸ್?" ಅಂದಳು. ಫೋಡಣೀ ಅಂದರೆ ಒಗ್ಗರಣೆ. ಯಾಕೆ ಹಾಕುತ್ತಿಲ್ಲ ಅಂತ ಕೇಳುತ್ತಿದ್ದಾಳೆ. ಅವರಲ್ಲಿಯೂ ಅದೇ ಕ್ರಮ ಅಂತ ನನಗೇನು ಗೊತ್ತು? ನಾವು ಅಮ್ಮ ಅನ್ನುವುದಕ್ಕೆ ಅವರು ದೇವಿ ಅನ್ನುತ್ತಾರೆ, ದೇವಿ ಎದ್ದ ಮನೆಯಲ್ಲಿ ಅವರೂ ಎಣ್ಣೆ ಕಾಯಿಸುವುದಿಲ್ಲವಂತೆ.

ಬಾಗಿಲು ಮುಚ್ಚಲು ನೋಡಿದೆ. ಅವಳು ಭುಜ ಕೊಟ್ಟು ಒಳಗೆ ಬಂದೇಬಿಟ್ಟಳು. ಕೂಸನ್ನು ನನ್ನ ಕೈಗೆ ಹಾಕಿ ವಾರಿಜಳ ಹೊದಿಕೆ ತೆಗೆದಳು. ಅಂಗೈ ನೋಡಿದಳು. ಅಂಗಾಲು ನೋಡಿದಳು. ಬೆನ್ನು ತಿರುಗಿಸಿದಳು.

"ದೇವೀ ನಾಹೀ ಗೋ. ಕಾಂಜಿಣ್ಯಾ."

ದೇವಿ ಅಲ್ಲ, ಇನ್ನೇನೋ ಅಂತ ಗೊತ್ತಾಯಿತು. ಸೀತಾಳೆ ಸಿಡುಬಿಗೆ ಅವರು ಹಾಗೆ ಹೇಳುವುದು ಅಂತ ಇವರು ಆಮೇಲೆ ಹೇಳಿದರು. ಆ ಹೊತ್ತಿಗೆ ನಾನು ನಂಬಲಿಲ್ಲ. ಅವಳು ಕೂಸನ್ನು ಕಿತ್ತುಕೊಂಡು ಹೊರಗೆ ಓಡಿದಳು. ಹೇಳಲಿಕ್ಕೇ ಹೋದಳು, ನನ್ನ ಮಗುವಿನ ಕಥೆ ಮುಗಿಯಿತು ಅಂದುಕೊಂಡೆ.

ಕೆಳಗಿನಿಂದ ಒಂದು ಗಂಡು ಸ್ವರ ಕೇಳುತ್ತಿತ್ತು. ಮುನ್ಸಿಪಾಲ್ಟಿಯ ಖಾಕಿ ಕೋಟಿನವನೊಬ್ಬ ಬಾಗಿಲು ಬಾಗಿಲಿಗೆ ನಿಂತು ಯಾರಿಗೆ ಜ್ವರ, ಯಾರಿಗೆ ದೇವಿ ಅಂತ ಕೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದ.

ಕಾಶೀಬಾಯಿ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ವಾಪಸು ಬಂದಳು. ಕೈಯಲ್ಲಿ ಕೆಂಡ ತುಂಬಿದ ಸಿಗಡಿ ಒಲೆ. ಅದನ್ನು ನನ್ನ ಹೊಸ್ತಿಲಿಗೆ ಅಡ್ಡ ಇಟ್ಟಳು. ಮೇಲೆ ಬಾಣಲೆ, ಎಣ್ಣೆ. ಮುಷ್ಟಿಯಲ್ಲಿ ಸಾಸಿವೆ, ಒಣಮೆಣಸು. ಏನು ಮಾಡಲಿಕ್ಕೆ ಹೊರಟಿದ್ದಾಳೆ ಅಂತ ತಿಳಿದು ನಾನು ಅವಳ ಕೈ ಹಿಡಿದೆ. ಬೇಡ, ಬೇಡ ಅಂದೆ, ಕನ್ನಡದಲ್ಲಿ, ತುಳುವಿನಲ್ಲಿ, ಬಾಯಿಗೆ ಬಂದದ್ದರಲ್ಲಿ. ಯಾವ ಅಮ್ಮನೇ ಆಗಲಿ, ಅಮ್ಮ ಅಮ್ಮನೇ ಅಲ್ಲವಾ?

ಅವಳು ಕೈ ಬಿಡಿಸಿಕೊಂಡಳು. ಎರಡೂ ಕೆನ್ನೆ ತಟ್ಟಿಕೊಂಡು, ತನ್ನ ತಲೆ ಮುಟ್ಟಿ ಅಂದಳು: "ಮಾಝ್ಯಾ ಡೋಕ್ಯಾವರ್." ನನ್ನ ತಲೆಯ ಮೇಲೆ. ಈ ತಪ್ಪಿಗೆ ಏನು ಬರುವುದಿದ್ದರೂ ನನಗೆ ಬರಲಿ ಅಂತ. ಹಾಗೆ ಅನ್ನುವಾಗ ಅವಳ ಮಡಿಲಲ್ಲಿ ಕೂಸು ಇತ್ತು.

ಸಾಸಿವೆ ಸಿಡಿಯಿತು. ಮೆಣಸಿನ ಘಾಟು ಗ್ಯಾಲರಿಯ ಉದ್ದಕ್ಕೂ ಹೋಯಿತು. ಖಾಕಿ ಕೋಟಿನವನು ಕೆಮ್ಮುತ್ತಾ ಬಂದ. ಏನು ಬಾಯಿ, ಕೊಲ್ಲುತ್ತೀಯಾ ಅಂತ ಬೈದ. ಒಳಗೆ ಯಾರು ಅಂತ ಕೇಳಿದ.

"ಮದ್ರಾಸೀಣ್" ಅಂದಳು ಕಾಶೀಬಾಯಿ. ದಕ್ಷಿಣದಿಂದ ಬಂದ ಹೆಂಗಸರೆಲ್ಲ ಇಲ್ಲಿಯವರಿಗೆ ಮದ್ರಾಸಿನವರೇ. ಹೊಸಬಳು, ಏನೂ ಬರುವುದಿಲ್ಲ, ಒಗ್ಗರಣೆ ಕಲಿಸುತ್ತಿದ್ದೇನೆ, ನೀನೂ ಕೂತು ಕಲಿ, ಹೆಂಡತಿಗೆ ಉಪಕಾರ ಆಗುತ್ತದೆ ಅಂತ ಏನೇನೋ ಹೇಳಿದಳು. ಅವನು ನಕ್ಕ. ಸಾಸಿವೆ ಸಿಡಿಯುವ ಮನೆಯಲ್ಲಿ ದೇವಿ ಇರುವುದಿಲ್ಲ ಅಂತ ಅವನಿಗೂ ಗೊತ್ತು. ಕಣ್ಣೊರೆಸಿಕೊಂಡು ಮುಂದಿನ ಬಾಗಿಲಿಗೆ ಹೋದ.

ಅವಳ ದೊಡ್ಡ ಮಗಳನ್ನು ಹಿಂದೊಮ್ಮೆ, ಯಾವ ಗುಳ್ಳೆ ಅಂತಲೂ ನೋಡದೆ, ಮುನ್ಸಿಪಾಲ್ಟಿಯವರು ಕೊಂಡುಹೋಗಿದ್ದರಂತೆ. ಮಗು ತಿರುಗಿ ಬರಲಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ.

ಆ ಸಂಜೆ ಇವರು ಬಂದು, "ಸೀತಾಳೆಯೇ. ಇನ್ನು ಎಂತ ಹೆದರಿಕೆ?" ಅಂದರು. ಹೆದರಿಕೆ ಹೋಗಿರಲಿಲ್ಲ, ಮನೆ ಬದಲಿಸಿತ್ತು ಅಷ್ಟೆ. ಗೋಡೆಯಾಚೆ ಕಾಶೀಬಾಯಿಯ ಕೂಸು ಅತ್ತರೆ ನಾನು ಇಲ್ಲಿ ಗೋಡೆಗೆ ಕಿವಿ ಇಡುತ್ತಿದ್ದೆ. ಮೈ ಬಿಸಿಯಾಗಿ ಅಳುತ್ತಿದೆಯೋ, ಹಸಿದು ಅಳುತ್ತಿದೆಯೋ? ಎರಡು ವರ್ಷ ಊರೂರು ತಿರುಗಿದವಳು, ನನ್ನ ಮನೆಯವರಲ್ಲದವರಿಗಾಗಿ ಹೆದರಿದ್ದು ಅದೇ ಮೊದಲು.

ನಿನ್ನ ಊರು ಯಾವುದು ಅಂತ ಈಗ ಕೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳಲಾರೆ. ಉಡುಪಿಗೆ ಹೋದರೆ ಬೊಂಬಾಯಿಯವಳು ಬಂದಳು ಅನ್ನುತ್ತಾರೆ. ಇಲ್ಲಿ ಇವತ್ತಿಗೂ ಮದ್ರಾಸೀಣ್. ಊರಿನ ತೆಂಗಿನೆಣ್ಣೆ ಅಡುಗೆಗೆ ಈಗ ನಾನೇ ಮೂಗು ಮುಚ್ಚಿಕೊಳ್ಳುತ್ತೇನೆ. ಕೈಯಿಂದ ಪಾತ್ರೆ ಜಾರಿದರೆ ಮಾತ್ರ ಬಾಯಿಗೆ ಬರುವುದು ಅಯ್ಯೋ.

ಆದರೆ ಆ ಸಂಜೆ ಕಳೆದು ಮರುದಿನ ಬೆಳಿಗ್ಗೆ ನಾನು ಏನು ಮಾಡಿದೆ ಅಂತ ಕೇಳಿ. ನಳದಿಂದ ನೀರು ತಂದೆ. ಮಗುವನ್ನು ಒರೆಸಿ ಮಲಗಿಸಿದೆ. ಒಲೆ ಹಚ್ಚಿ ಬಾಣಲೆ ಇಟ್ಟು, ಕೊಲಂಬೊದ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಸುರಿದೆ. ಸಿಟ್ಟಾಗಿ ಬರುವುದಾದರೆ ಇಲ್ಲಿಗೇ ಬಾ ತಾಯೀ, ಪಕ್ಕದ ಮನೆಗೆ ಹೋಗಬೇಡ ಅಂದೆ. ಸಾಸಿವೆ ಹಾಕಿ ಬಾಗಿಲನ್ನು ಪೂರ್ತಿ ತೆರೆದಿಟ್ಟೆ.